ಪರೀಕ್ಷೆಗೆ ಯೋಗ್ಯವಲ್ಲ

ಕಾಗದವನ್ನು ಅತ್ತಿಗೆಯ ತೊಡೆಯ ಮೇಲೆ ಇಟ್ಟರು. ಎಡಗೈಯಲ್ಲಿ ಎರಡು ದಪ್ಪ ಸೂಜಿಗಳಿದ್ದವು. ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತಿತ್ತು, ಇನ್ನೊಂದರಿಂದ ವಾಪಸ್ ಬರುತ್ತಿತ್ತು. ಆ ಕೈಯನ್ನು ಅಲ್ಲಾಡಿಸುವಂತಿರಲಿಲ್ಲ. ಬಲಗೈ ಬಿಡುವಾಗಿತ್ತು. ಅದಕ್ಕೆ ಪೆನ್ನು ಕೊಟ್ಟರು.

"ಓದೋಕೆ ಬರುತ್ತಾ?" ಎಂದ ಡಯಾಲಿಸಿಸ್ ಘಟಕದ ಮೇಲ್ವಿಚಾರಕ.

"ಬರುತ್ತೆ ಸಾರ್."

"ಹಾಗಾದ್ರೆ ಓದಿ ಸಹಿ ಹಾಕು. ಓದದೆ ಹಾಕಿಸ್ಕೊಂಡ್ರು ಅಂತ ಆಮೇಲೆ ಅಳಬೇಡ."

ಅತ್ತಿಗೆ ಓದಿದಳು: ನನಗೆ ಕೊಟ್ಟ ರಕ್ತ ಹೆಚ್ಚಿಸುವ ಇಂಜೆಕ್ಷನ್‌ಗಳನ್ನು ನಾನು ಹಾಕಿಸಿಕೊಂಡಿಲ್ಲ. ಅವನ್ನು ಹೊರಗೆ ಮಾರಿದ್ದೇನೆ. ಇನ್ನು ಮುಂದೆ ಅವನ್ನು ಕೇಳುವುದಿಲ್ಲ. ಕೆಳಗೆ ಚುಕ್ಕಿ ಚುಕ್ಕಿ ಗೆರೆ.

"ಖಾಲಿ ಸೀಸೆ ಎಲ್ಲಾ ತಂದುಕೊಟ್ಟಿದೀನಲ್ಲ ಸಾರ್. ಒಂದೂ ಬಿಟ್ಟಿಲ್ಲ."

"ಸೀಸೆ ಯಾರು ಬೇಕಾದ್ರೂ ಖಾಲಿ ಮಾಡ್ತಾರೆ. ಈ ಹಾಲ್‌ನಲ್ಲಿ ಹನ್ನೆರಡು ಜನಕ್ಕೆ ಅದೇ ಔಷಧಿ. ಎಲ್ಲರದ್ದೂ ಹಿಮೋಗ್ಲೋಬಿನ್ ಹತ್ತರ ಸುತ್ತ ಇದೆ. ನಿಂದು ಐದೂವರೆ. ಔಷಧಿ ಸುಳ್ಳು ಹೇಳುತ್ತೋ, ನೀನೋ?"

"ಬಂದಾಗಲೆಲ್ಲ ಸುಳ್ಳಿ ಅಂತೀರ. ನೀವೇ ಚುಚ್ಚಿ ನೋಡಿ. ಇಲ್ಲೇ, ಎಲ್ಲರೆದುರು."

"ನಮಗೆ ಬೇರೆ ಕೆಲ್ಸ ಇಲ್ಲ ನೋಡು." ಅವನು ಪಕ್ಕದ ಕುರ್ಚಿಗಳಿಗೂ ಕೇಳಿಸುವಂತೆ ದನಿ ಏರಿಸಿದ. "ಲಾಂಡ್ರಿಯವರಿಗೆ ಇದೇನು ಹೊಸದಾ? ಹತ್ತು ಬೆಡ್‌ಶೀಟ್ ಒಗೆಯೋಕೆ ಹೋದ್ರೆ ವಾಪಸ್ ಬರೋದು ಒಂಬತ್ತು. ಶುಕ್ರವಾರದೊಳಗೆ ಸಹಿ ಬೇಕು. ಇಲ್ದಿದ್ರೆ ಈ ಕುರ್ಚಿಗೆ ಕಾಯೋರು ತುಂಬಾ ಜನ ಇದ್ದಾರೆ."

ನಾನು ಅಲ್ಲೇ ನಿಂತಿದ್ದೆ. ಕೈಯಲ್ಲಿ ರಕ್ತದ ಟ್ಯೂಬುಗಳ ತಟ್ಟೆ ಇತ್ತು. ನಾನು ಒಂದು ಮಾತೂ ಆಡಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ.

ಆ ಇಂಜೆಕ್ಷನ್‌ಗಳನ್ನು ಅವಳಿಗೆ ಚುಚ್ಚುತ್ತಿದ್ದವಳು ನಾನು. ವಾರಕ್ಕೆ ಮೂರು ಸಲ, ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಚುಚ್ಚುತ್ತಿದ್ದೆ. ಸೀಸೆಗಳನ್ನು ಪಕ್ಕದ ಮನೆಯ ಫ್ರಿಜ್ಜಿನಲ್ಲಿ ಇಟ್ಟಿದ್ದೆವು. ಒಂದು ಹನಿಯೂ ಹೊರಗೆ ಹೋಗಿಲ್ಲ. ಅದು ನನಗೆ ಗೊತ್ತಿದ್ದಷ್ಟು ಖಚಿತವಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಔಷಧಿ ಯಾಕೆ ಹಿಡಿಯುತ್ತಿಲ್ಲ ಎಂಬ ಗುಮಾನಿಯೂ ನನಗಿತ್ತು. ಆ ಗುಮಾನಿಯನ್ನು ನನ್ನ ಕೈಯಾರೆ ಮೂರು ಸಲ ಮೋರಿಗೆ ಸುರಿದಿದ್ದೆ.

ಅತ್ತಿಗೆ ಇದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದಳು. ಹೆರಿಗೆ ವಾರ್ಡಿನದು, ಆಪರೇಷನ್ ಕೋಣೆಯದು, ಸತ್ತವರ ಕೆಳಗಿನದು, ಎಲ್ಲ ಬಟ್ಟೆಯೂ ಗಂಟು ಕಟ್ಟಿಕೊಂಡು ಅವಳ ಬಳಿಗೇ ಬರುತ್ತಿತ್ತು. ರಕ್ತದ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲೇ ನೆನೆಸಬೇಕು, ಬಿಸಿನೀರು ತಗಲಿದರೆ ಕಲೆ ಕೂತುಬಿಡುತ್ತದೆ ಎಂದು ನನಗೆ ಹೇಳಿಕೊಟ್ಟವಳು ಅವಳು. ಪ್ರೋಟೀನು, ಶಾಖ ಎಂದು ಅದಕ್ಕೆ ಕಾರಣ ಹೇಳಿದ್ದು ಕಾಲೇಜು. ನಾನು ಬಿ.ಎಸ್ಸಿ. ಮುಗಿಸಿ ಅದೇ ಆಸ್ಪತ್ರೆಯ ಲ್ಯಾಬಿಗೆ ಗುತ್ತಿಗೆಯ ಕೆಲಸಕ್ಕೆ ಸೇರಿದ ದಿನ ಅವಳು ತೊಟ್ಟಿಯ ಮುಂದೆ ನಿಂತು, "ಇನ್ಮೇಲೆ ನೀನು ಮುಂದಿನ ಬಾಗಿಲಿಂದ ಬಾ. ಹಿಂದಿಂದ ನಾನು ಬರ್ತೀನಿ. ಮಧ್ಯದಲ್ಲಿ ಸಿಕ್ಕಿದ್ರೆ ಗುರುತಿರಲಿ," ಎಂದು ನಕ್ಕಿದ್ದಳು.

ಆರು ವರ್ಷದ ಹಿಂದೆ ಅವಳ ಕಿಡ್ನಿಗಳು ಕೆಟ್ಟವು. ವಾರಕ್ಕೆ ಮೂರು ದಿನ ಯಂತ್ರ, ಉಳಿದ ದಿನ ಲಾಂಡ್ರಿ. ಮೊದಲು ಮೈ ತುರಿಕೆ. ಆಮೇಲೆ ಮೂಳೆ ನೋವು. ಒದ್ದೆ ಬಟ್ಟೆಯ ಗಂಟು ಎತ್ತುವಾಗ ಪಕ್ಕೆಲುಬು ಲಟಕ್ಕೆಂದಿತು. ಅವಳು ಗಂಟನ್ನು ಇಳಿಸದೆ ಗಾಡಿಯ ತನಕ ಹೊತ್ತು, ಇಟ್ಟು, ಆಮೇಲೆ ಕೂತಳಂತೆ. ಮಾರನೇ ದಿನ ಅವಳನ್ನು ಕೆಲಸದಿಂದ ತೆಗೆದರು. ಮುರಿದ ಮೂಳೆ ಲಾಂಡ್ರಿಗೆ ಬೇಡವಾಗಿತ್ತು. ಇಷ್ಟಾದರೂ ಆ ಮೂಳೆ ಯಾಕೆ ಮುರಿಯಿತು ಎಂದು ಯಾರೂ ಕೇಳಲಿಲ್ಲ.

ನಮ್ಮ ಕತ್ತಿನಲ್ಲಿ ನಾಲ್ಕು ಪುಟ್ಟ ಗ್ರಂಥಿಗಳಿವೆ. ಅಕ್ಕಿಕಾಳಿಗಿಂತ ಒಂದಿಷ್ಟು ದಪ್ಪ. ರಕ್ತದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕಡಿಮೆಯಾದರೆ ಅದನ್ನು ಮೂಳೆಯಿಂದ ಕೀಳಲು ಹೇಳುವ ಹಾರ್ಮೋನನ್ನು ಅವು ಬಿಡುತ್ತವೆ. ಕಿಡ್ನಿ ಕೆಟ್ಟವರಲ್ಲಿ ಸುಣ್ಣ ಸದಾ ಕಡಿಮೆ, ರಂಜಕ ಸದಾ ಹೆಚ್ಚು. ಗ್ರಂಥಿಗಳು ಹಗಲೂ ರಾತ್ರಿ ದುಡಿಯುತ್ತವೆ, ಊದುತ್ತವೆ, ಕಡೆಗೆ ಯಾರ ಮಾತನ್ನೂ ಕೇಳದಂತಾಗುತ್ತವೆ. ಮೂಳೆ ಸವೆಯುತ್ತದೆ. ಅದರೊಳಗಿನ ಮಜ್ಜೆ, ಅಂದರೆ ರಕ್ತ ಹುಟ್ಟುವ ಜಾಗ, ನಾರು ಕಟ್ಟುತ್ತದೆ. ಇಂಜೆಕ್ಷನ್ ಅನ್ನುವುದು ಮಜ್ಜೆಗೆ ಕೊಡುವ ಅಪ್ಪಣೆ, ರಕ್ತ ಮಾಡು ಎಂದು. ಅಪ್ಪಣೆ ಹೋಗುತ್ತದೆ. ಅಲ್ಲಿ ಪಾಲಿಸುವವರಿಲ್ಲ. ಜಾಗವೆಲ್ಲ ನಾರು.

ಇದನ್ನು ಹಿಡಿಯಲು ಆ ಹಾರ್ಮೋನನ್ನು ಅಳೆಯಬೇಕು. ಆ ಪರೀಕ್ಷೆಗೆ ಪಿಟಿಹೆಚ್ ಅನ್ನುತ್ತಾರೆ. ಅತ್ತಿಗೆಗೆ ಅದನ್ನು ಒಂದೂವರೆ ವರ್ಷದಲ್ಲಿ ಮೂರು ಸಲ ಬರೆದಿದ್ದರು. ಮೂರು ಸಲವೂ ರಕ್ತ ಲ್ಯಾಬಿಗೆ ಬಂದಿತ್ತು.

ನಮ್ಮ ಲ್ಯಾಬಿನ ಮುಖ್ಯಸ್ಥರಿಗೆ ನಾವು ಬೆನ್ನ ಹಿಂದೆ 'ಇಪ್ಪತ್ತು ಸಾರ್' ಅನ್ನುತ್ತಿದ್ದೆವು. ಇಪ್ಪತ್ತು ಸ್ಯಾಂಪಲ್ ಸೇರದೆ ಆ ಪರೀಕ್ಷೆಯ ದುಬಾರಿ ಕಿಟ್ ಒಡೆಯಬಾರದು ಎಂಬುದು ಅವರ ನಿಯಮ. ಡಯಾಲಿಸಿಸ್‌ನಿಂದ ವಾರಕ್ಕೆ ಬರುವುದು ನಾಲ್ಕೋ ಐದೋ. ಫ್ರಿಜ್ಜಿನಲ್ಲಿ ಆ ರಕ್ತ ಮೂರು ದಿನ ತಡೆಯುತ್ತದೆ. ಆಳವಾಗಿ ಹೆಪ್ಪುಗಟ್ಟಿಸುವ ಫ್ರೀಜರ್ ಕೆಟ್ಟು ಎರಡು ವರ್ಷವಾಗಿತ್ತು. ನಾಲ್ಕನೇ ದಿನ ಬೆಳಿಗ್ಗೆ ನಾನು ಟ್ಯೂಬುಗಳನ್ನು ಎತ್ತಿ, ರಿಜಿಸ್ಟರಿನಲ್ಲಿ 'ಮಾದರಿ ಪರೀಕ್ಷೆಗೆ ಯೋಗ್ಯವಲ್ಲ' ಎಂದು ಬರೆದು, ಚೆಲ್ಲುತ್ತಿದ್ದೆ. ಯೋಗ್ಯವಾಗಿಯೇ ಬಂದದ್ದನ್ನು ನಾವು ಕಾಯಿಸಿ ಕೆಡಿಸಿದೆವು ಎಂದು ಬರೆಯಲು ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ದುಡ್ಡು ಕೊಡುವವರ ವಿಶೇಷ ವಾರ್ಡಿನಿಂದ ಒಂದೇ ಒಂದು ಸ್ಯಾಂಪಲ್ ಬಂದರೂ ಅದೇ ದಿನ ಕಿಟ್ ಒಡೆಯುತ್ತಿತ್ತು. ಕಿಟ್ಟಿನ ಪ್ಲಾಸ್ಟಿಕ್ ಪಟ್ಟಿಯಲ್ಲಿ ಒಂದೊಂದು ಸ್ಯಾಂಪಲ್ ಹಾಕುವ ಗುಳಿಗಳು ಖಾಲಿ ಉಳಿಯುತ್ತಿದ್ದವು. ಒಮ್ಮೆ ಕೇಳಿದ್ದೆ, ಡಯಾಲಿಸಿಸ್‌ನವರದ್ದನ್ನೂ ಜೊತೆಗೆ ಹಾಕಲೇ ಎಂದು.

"ಅವು ಬೇರೆ, ಇವು ಬೇರೆ. ಬೆರೆಸಬೇಡ," ಎಂದಿದ್ದರು ಇಪ್ಪತ್ತು ಸಾರ್.

ನಾನು ಬೆರೆಸಲಿಲ್ಲ. ಗುತ್ತಿಗೆ ವರ್ಷಕ್ಕೊಮ್ಮೆ ನವೀಕರಣವಾಗುತ್ತದೆ.

ಕಾಗದ ಕೊಟ್ಟ ಆ ಸೋಮವಾರ ಸಂಜೆ ಮನೆಯಲ್ಲಿ ಅಣ್ಣ ಅದರ ವಿಷಯ ಕೇಳಿದ. ಅವನು ಲಾರಿಗಳಿಗೆ ಮೂಟೆ ಹೇರುವವನು. ಅವತ್ತು ಅಂಗಿಯನ್ನೂ ಬಿಚ್ಚದೆ ಗೋಡೆಗೆ ಒರಗಿ ಕೂತ.

"ನಿಜ ಹೇಳು. ಯಾರಿಗಾದ್ರೂ ಕೊಟ್ಯಾ?"

ಅತ್ತಿಗೆ ಅವನನ್ನೇ ನೋಡಿದಳು. "ಹೂಂ ಕಣ್ರೀ, ಕೊಟ್ಟೆ. ನಿಮ್ಮ ತಂಗಿಗೆ ಕೊಟ್ಟೆ. ಅವಳು ತಗೊಂಡು ನನಗೇ ಚುಚ್ಚಿದ್ಳು."

"ಸಿಟ್ಟಾಗಬೇಡ. ಅಷ್ಟು ದೊಡ್ಡೋರು ಹೇಳ್ತಾರೆ ಅಂದ್ರೆ..."

"ಮೂಟೆ ಕಮ್ಮಿ ಬಂತು ಅಂತ ಅವತ್ತು ನಿಮ್ಮ ಜೇಬು ತಡಕಿದ್ರಲ್ಲ, ಅವರೂ ದೊಡ್ಡೋರೇ. ಜೇಬಲ್ಲಿ ಮೂಟೆ ಸಿಕ್ತಾ?"

ಅಣ್ಣ ತಲೆ ತಗ್ಗಿಸಿದ. ಅಂಗಿಯ ಗುಂಡಿ ಬಿಚ್ಚುತ್ತಾ, "ಸಹಿ ಹಾಕ್ಬಿಡು ಮಾರಾಯ್ತಿ. ಕುರ್ಚಿ ಉಳಿಯುತ್ತೆ. ಕುರ್ಚಿ ಹೋದ್ರೆ ಹತ್ತು ದಿನ ಇರ್ತೀಯಾ ನೀನು?" ಎಂದ.

"ಕಳ್ಳಿ ಅಂತ ಬರ್ಕೊಟ್ಟು ಅಲ್ಲಿ ಕೂತ್ಕೊಂಡು ಏನು ತೊಳಿಸ್ಕೊಳ್ಳಲಿ?"

ನಾನು ಆಗಲೂ ಬಾಯಿ ಬಿಡಲಿಲ್ಲ. ಮಾಡಿದ್ದು ಒಂದೇ. ಮಾರನೇ ದಿನ ಅವಳ ರಕ್ತದ ಗಾಜಿನ ಪಟ್ಟಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕೆಂಪು ಕಣಗಳು ದುಂಡಗಿರಬೇಕು. ಅವಳವು ಅನೇಕ ಕಡೆ ಕಣ್ಣೀರಿನ ಹನಿಯಂತೆ ಬಾಲ ಎಳೆದುಕೊಂಡಿದ್ದವು. ಪುಸ್ತಕದಲ್ಲಿ ಅವಕ್ಕೆ ಹೆಸರೂ ಅದೇ. ಅಳುವಿಗೂ ಅದಕ್ಕೂ ಸಂಬಂಧವಿಲ್ಲ. ನಾರು ಕಟ್ಟಿದ ಮಜ್ಜೆಯ ಸಂದಿಯಿಂದ ನುಸುಳಿ ಹೊರಬರುವಾಗ ಕಣ ಹಾಗೆ ಎಳೆದುಹೋಗುತ್ತದೆ, ಅಷ್ಟೆ. ಪಟ್ಟಿಯ ಮೇಲೆ ಇಂಕಿನಿಂದ ಸುತ್ತು ಹಾಕಿ, ಹೊಸದಾಗಿ ಬಂದಿದ್ದ ಚಿಕ್ಕ ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟು ಬಂದೆ. ಬಾಯಲ್ಲಿ ಹೇಳುವ ಧೈರ್ಯವಿರಲಿಲ್ಲ.

ಬುಧವಾರ ಡಯಾಲಿಸಿಸ್‌ಗೆ ಮುಂಚೆ ಚಿಕ್ಕ ಡಾಕ್ಟರು ಅತ್ತಿಗೆಯನ್ನು ಪಕ್ಕಕ್ಕೆ ಮಲಗಿಸಿದರು. ಸೊಂಟದ ಮೂಳೆಯಿಂದ ಮಜ್ಜೆ ತೆಗೆಯಬೇಕಿತ್ತು. ಪಟ್ಟಿಗಳನ್ನು ಹಿಡಿದು ನಾನು ಪಕ್ಕದಲ್ಲಿ ನಿಂತೆ. ಮರಗಟ್ಟಿಸುವ ಔಷಧಿ ಚರ್ಮಕ್ಕೆ ಹಿಡಿಯುತ್ತದೆ, ಮೂಳೆಯ ಒಳಕ್ಕೆ ಹಿಡಿಯುವುದಿಲ್ಲ. ಸೂಜಿಯನ್ನು ತಿರುಗಿಸಿ ತಿರುಗಿಸಿ ಇಳಿಸಿದರು. ಸಿರಿಂಜ್ ಎಳೆದರು. ಏನೂ ಬರಲಿಲ್ಲ. ಜಾಗ ಬದಲಿಸಿದರು. ಎಳೆದರು. ಅತ್ತಿಗೆಯ ಕಾಲ್ಬೆರಳುಗಳು ಮುದುಡಿಕೊಂಡವು. ಮೂರನೇ ಸಲವೂ ಸಿರಿಂಜ್ ಒಣಗಿಯೇ ಇತ್ತು.

ಮೇಲ್ವಿಚಾರಕ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಮೂಳೇನೂ ಕಳ್ಳ ಮೂಳೆನೇ ಡಾಕ್ಟರೇ. ಕೊಟ್ಟಿದ್ದೆಲ್ಲ ನುಂಗಿ, ಏನೂ ಇಲ್ಲ ಅನ್ನುತ್ತೆ."

ಅತ್ತಿಗೆ ಗೋಡೆಗೆ ಮುಖ ಮಾಡಿದ್ದಳು. ತಿರುಗಲಿಲ್ಲ. "ಸೂಜಿ ಇರೋದು ನನ್ನ ಸೊಂಟದಲ್ಲಿ ಸಾರ್. ಕಚಗುಳಿ ನಿಮಗ್ಯಾಕೆ?"

ಚಿಕ್ಕ ಡಾಕ್ಟರು ನಗಲಿಲ್ಲ. ಮೂಳೆಯ ಚೂರೊಂದನ್ನು ಕೊರೆದು ತೆಗೆದು ನನ್ನ ಕೈಗೆ ಕೊಟ್ಟರು. "ಒಳಗೆ ನಾರು ತುಂಬಿದ್ರೆ ಹೀಗೆ ಒಣಗಿರುತ್ತೆ. ಇವರ ಪಿಟಿಹೆಚ್ ಎಷ್ಟಿದೆ?"

"ರಿಪೋರ್ಟ್ ಇಲ್ಲ ಮೇಡಂ."

"ಮೂರು ಸಲ ಬರೆದಿದ್ದಾರಲ್ಲ!"

"ಮೂರು ಸಲಾನೂ ಸ್ಯಾಂಪಲ್ ಯೋಗ್ಯ ಇರಲಿಲ್ಲ."

"ಹಾಗಂತ ಬರೆದವರು ಯಾರು?"

"ನಾನು."

ಅತ್ತಿಗೆಯ ಬೆನ್ನು ನನ್ನ ಕಡೆಗಿತ್ತು. ಆ ಬೆನ್ನು ಕೇಳಿಸಿಕೊಂಡಿತು. ಪರೀಕ್ಷೆಗೆ ಮತ್ತೊಂದು ಟ್ಯೂಬ್ ರಕ್ತ ತೆಗೆದು ಕೊಟ್ಟರು. ನಾಲ್ಕನೆಯದು. ಅದನ್ನು ಲ್ಯಾಬಿಗೆ ಒಯ್ದು, ಪ್ಲಾಸ್ಮಾ ಬೇರೆ ಮಾಡಿ, ಫ್ರಿಜ್ಜಿನಲ್ಲಿ ಇಟ್ಟೆ.

ಮನೆಯಲ್ಲಿ ಅವಳು ನೇರವಾಗಿ ಕೇಳಿದಳು. "ನನ್ನ ರಕ್ತ ಕೆಟ್ಟಿತ್ತಾ?"

"ಇಲ್ಲ. ಚೆನ್ನಾಗೇ ಬಂದಿತ್ತು. ಇಟ್ಟು ಇಟ್ಟು ಕೆಡಿಸಿದ್ವಿ."

ಎಲ್ಲ ಹೇಳಿದೆ. ಇಪ್ಪತ್ತು, ಮೂರು ದಿನ, ವಿಶೇಷ ವಾರ್ಡು, ಖಾಲಿ ಗುಳಿಗಳು.

"ಈ ಮೂಳೆ, ಈ ಗ್ರಂಥಿ, ಇದೆಲ್ಲ ನಿನಗೆ ಮೊದಲೇ ಗೊತ್ತಿತ್ತು."

"ಗುಮಾನಿ ಇತ್ತು ಅತ್ತಿಗೆ."

"ಗುಮಾನಿ ಇಟ್ಕೊಂಡೇ ನನ್ನ ಹೊಟ್ಟೆಗೆ ಸೂಜಿ ಚುಚ್ತಾ ಕೂತಿದ್ದೆ."

ನಾನು ಅವಳ ಕಾಲ ಬಳಿ ಕೂತೆ. ಅವಳು ಕಾಲನ್ನು ಎಳೆದುಕೊಂಡಳು.

"ನಾನು ಒಗೆದದ್ದರಲ್ಲಿ ಒಂದು ಕಲೆ ಉಳಿದ್ರೆ ಮುಖಕ್ಕೆ ವಾಪಸ್ ಎಸೀತಿದ್ರು. ನೀನು ನನ್ನ ರಕ್ತಾನೇ ಚೆಲ್ಲಿ, ಅದಕ್ಕೊಂದು ಒಳ್ಳೆ ಅಕ್ಷರದಲ್ಲಿ ಹೆಸರಿಟ್ಟು, ಮನೆಗೆ ಬಂದು ನನ್ನ ಕೈಯಿಂದಲೇ ಊಟ ಬಡಿಸ್ಕೊಂಡು ತಿಂದೆ. ಕಳ್ಳಿ ಅಂತ ಅವನು ಕಾಗದ ತಂದಾಗ ಟ್ರೇ ಹಿಡ್ಕೊಂಡು ನಿಂತಿದ್ದೆ. ಅವನಾದ್ರೂ ಎದುರಿಗೆ ಬಂದ."

ಅಷ್ಟೇ. ಆಮೇಲೆ ಅವಳು ನನ್ನ ಜೊತೆ ಮಾತಾಡಲಿಲ್ಲ.

ಗುರುವಾರ ಮಧ್ಯಾಹ್ನ ವಿಶೇಷ ವಾರ್ಡಿನಿಂದ ಒಂದು ಪಿಟಿಹೆಚ್ ಬಂತು. ಕಿಟ್ ಒಡೆದೆ. ಆ ಸ್ಯಾಂಪಲ್ಲಿನ ಪಕ್ಕದ ಗುಳಿಗೆ ಅತ್ತಿಗೆಯದನ್ನು ಹಾಕಿದೆ. ಯಂತ್ರ ತೋರಿಸಬಲ್ಲ ಅಳತೆಯನ್ನು ಮೀರಿತು. ತೆಳುವಾಗಿಸಿ ಮತ್ತೆ ಹಾಕಿದೆ. ಎರಡು ಸಾವಿರದ ನೂರ ನಲವತ್ತು. ಆರೋಗ್ಯವಂತರಲ್ಲಿ ಅದು ಅರವತ್ತೈದು ದಾಟುವುದಿಲ್ಲ. ಪ್ರಿಂಟ್ ತೆಗೆದೆ.

ಇಪ್ಪತ್ತು ಸಾರ್ ಬೆನ್ನ ಹಿಂದೆ ಬಂದು ನಿಂತಿದ್ದರು. "ಬೆರೆಸಬೇಡ ಅಂದಿದ್ದೆ."

"ಬೆರೆಸಿಲ್ಲ ಸಾರ್. ಪಕ್ಕದ ಗುಳೀಲಿ ಹಾಕಿದೀನಿ."

"ನಿಮ್ಮ ಮನೆಯವಳು ಅಂತ ಹಾಕಿದೆ. ಅಲ್ವಾ?"

ನಾನು ಪ್ರಿಂಟನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಆ ಮಾತು ನಿಜವಾಗಿತ್ತು. ಅವತ್ತು ಫ್ರಿಜ್ಜಿನಲ್ಲಿ ಡಯಾಲಿಸಿಸ್‌ನವರ ಇನ್ನೂ ನಾಲ್ಕು ಟ್ಯೂಬುಗಳಿದ್ದವು. ಗುಳಿಗಳು ಖಾಲಿ ಇದ್ದವು. ನಾನು ಅತ್ತಿಗೆಯದನ್ನು ಮಾತ್ರ ಹಾಕಿದ್ದೆ.

ಶುಕ್ರವಾರ ಮೇಲ್ವಿಚಾರಕ ಪೆನ್ನು ಹಿಡಿದು ಬಂದಾಗ ಅತ್ತಿಗೆಯ ಕೈಗೆ ಸೂಜಿ ಹಾಕಿ ಒಂದು ಗಂಟೆಯಾಗಿತ್ತು. ನಾನು ಪ್ರಿಂಟನ್ನು ಅವನ ಕೈಗಿಟ್ಟೆ. ಅವನು ಎರಡು ಸಲ ಓದಿದ. ಹೊರಗೆ ಹೋಗಿ ಫೋನು ಮಾಡಿದ. ಸ್ವಲ್ಪ ಹೊತ್ತಿಗೆ ಇಪ್ಪತ್ತು ಸಾರ್ ಕೂಡ ಬಂದರು. ಇಬ್ಬರೂ ಗುಸುಗುಸು ಮಾತಾಡಿಕೊಂಡು ಕುರ್ಚಿಯ ಬಳಿ ನಿಂತರು. ಮೇಲ್ವಿಚಾರಕನ ದನಿಯಲ್ಲಿ ಈಗ ಬೆಣ್ಣೆ ಇತ್ತು.

"ನೋಡಮ್ಮ, ಆ ಕಾಗದ ಬಿಡು. ಈ ಗ್ರಂಥಿಗಳನ್ನ ತೆಗೆಸಿದ್ರೆ ನಿನ್ನ ರಕ್ತ ನಿಧಾನಕ್ಕೆ ಏರುತ್ತೆ. ಮುಂದಿನ ವಾರವೇ ಆಪರೇಷನ್‌ಗೆ ದಿನ ಕೊಡಿಸ್ತೀನಿ." ನನ್ನ ಕಡೆ ತಿರುಗಿದ. "ಆದ್ರೆ ಮೂರು ಸಲ ಸ್ಯಾಂಪಲ್ ಹಾಳಾಗಿದೆ. ನಿನ್ನ ಕೈಬರಹ. ನನ್ನ ಅಜಾಗರೂಕತೆ ಅಂತ ಒಂದು ಸಾಲು ಬರ್ಕೊಡು. ಮುಗೀತು."

"ಕೆಲ್ಸ ಹೋಗುತ್ತೆ, ನಿಜ," ಎಂದರು ಇಪ್ಪತ್ತು ಸಾರ್. "ಆದ್ರೆ ನಿಮ್ಮವಳು ಉಳೀತಾಳೆ. ನಿನ್ನೆ ನೀನೂ ನಿಮ್ಮವಳದ್ದು ಅಂತ ತಾನೇ ಹಾಕಿದ್ದು? ಬೇರೆಯವರದ್ದು ಹಾಕಿದ್ಯಾ?"

ಪೆನ್ನು ನನ್ನ ಕೈಗೆ ಬಂದಿತ್ತು. ನಾನು ಬರೆಯುವವಳಿದ್ದೆ. ಇದರಲ್ಲಿ ಸುಳ್ಳಿಲ್ಲ. ಎರಡು ಅಕ್ಷರ ಆಗಲೇ ಬರೆದಿದ್ದೆ.

"ನಿಲ್ಲು," ಎಂದಳು ಅತ್ತಿಗೆ. ಎರಡು ದಿನದಲ್ಲಿ ಅವಳು ನನಗೆ ಆಡಿದ ಮೊದಲ ಮಾತು. "ನೀನು ಅದನ್ನ ಬರ್ಕೊಟ್ರೆ ನಾನು ನನ್ನ ಕತ್ತನ್ನ ಇವರ ಕೈಗೆ ಕೊಡಲ್ಲ. ಸಾಯ್ತೀನಿ. ಆ ಸಾವನ್ನ ನಿನ್ನ ತಲೆ ಮೇಲೆ ಹಾಕಿ ಸಾಯ್ತೀನಿ."

"ಆಪರೇಷನ್ ಬೇಡ್ವಾ ನಿನಗೆ?" ಎಂದ ಮೇಲ್ವಿಚಾರಕ.

"ಬೇಕು. ಯಾರಿಗ್ ಬೇಡ? ಆದ್ರೆ ನಿನಗೊಬ್ಬಳು ಕಳ್ಳಿ ಬೇಕಲ್ಲ. ನಾನಾಗಲ್ಲ ಅಂದೆ, ಈಗ ಇವಳನ್ನ ಮಾಡ್ತೀಯ." ಸಾರ್ ಎಂಬ ಮಾತು ಅವಳ ಬಾಯಿಂದ ಉದುರಿಹೋಗಿತ್ತು. ನನ್ನನ್ನು ನೋಡಿದಳು. "ಇವರು ಕೇಳಿದ್ದಕ್ಕೆ ಹೇಳು. ಬೇರೆಯವರದ್ದು ಹಾಕ್ಲಿಲ್ವಾ?"

"ಇಲ್ಲ."

"ಎಷ್ಟಿತ್ತು?"

"ನಾಲ್ಕು."

"ಯಾರ್ಯಾರದ್ದು?"

ಹಾಲ್‌ನಲ್ಲಿ ಹನ್ನೆರಡು ಯಂತ್ರಗಳು ಗುಯ್‌ಗುಡುತ್ತಿದ್ದವು. ಹನ್ನೊಂದು ಮುಖಗಳು ನನ್ನ ಕಡೆ ತಿರುಗಿದ್ದವು.

"ರಿಜಿಸ್ಟರ್ ಪುಸ್ತಕದಲ್ಲಿದೆ," ಎಂದೆ.

"ತಾ."

ಲ್ಯಾಬು ಎದುರುಗಡೆಯೇ. ನಾನು ಹೋಗಿ ತಂದೆ. ಇಪ್ಪತ್ತು ಸಾರ್ ಅಡ್ಡ ಬಂದರು. "ಅದು ಆಸ್ಪತ್ರೆಯ ದಾಖಲೆ. ಹೊರಗೆ ತರೋ ಹಾಗಿಲ್ಲ."

"ರಕ್ತ ನಮ್ದು ಸ್ವಾಮಿ," ಎಂದ ಐದನೇ ಕುರ್ಚಿಯವನು. ಬೀಗ ರಿಪೇರಿ ಮಾಡುವ ಮುದುಕ. ನಾವೆಲ್ಲ ಬೀಗದ ಮಾವ ಅನ್ನುತ್ತೇವೆ. ಅವನು ಬಿಡುವಿದ್ದ ಕೈಯನ್ನು ಚಾಚಿ ಇಪ್ಪತ್ತು ಸಾರ್ ಅವರ ಬಿಳಿ ಕೋಟಿನ ತುದಿ ಹಿಡಿದುಕೊಂಡ. "ಎಳೀಬೇಡಿ. ನನ್ನ ಸೂಜಿ ಕಿತ್ರೆ ನೆಲ ಎಲ್ಲಾ ಆಗುತ್ತೆ. ಒರೆಸೋಕೆ ಲಾಂಡ್ರಿಯಮ್ಮ ಈಗ ಕೆಲಸಕ್ಕಿಲ್ಲ. ಓದಮ್ಮ, ನಂದೆಷ್ಟು?"

ನಾನು ಪುಟ ತಿರುವಿದೆ. "ಐದನೇ ಕುರ್ಚಿ. ಎರಡು ಸಲ. ಯೋಗ್ಯವಲ್ಲ."

"ನಂದು?"

"ಏಳನೇ ಕುರ್ಚಿ. ಮೂರು ಸಲ."

"ನಂದು ನೋಡಿ. ನನ್ನ ಮಂಡಿ ಮೂಳೆ ಹೋಗಿ ಆರು ತಿಂಗಳಾಯ್ತು. ವಯಸ್ಸಾಯ್ತು ಅಂದ್ರು. ನನಗೆ ಮೂವತ್ನಾಲ್ಕು."

"ಎರಡನೇ ಕುರ್ಚಿ. ನಾಲ್ಕು ಸಲ. ಒಂದು ಟ್ಯೂಬು ಈಗಲೂ ಫ್ರಿಜ್ಜಿನಲ್ಲಿದೆ."

ಮೇಲ್ವಿಚಾರಕ ಕಾವಲಿನವರಿಗೆ ಫೋನು ಮಾಡುತ್ತಿದ್ದ. ನಾನು ಓದುತ್ತಲೇ ಇದ್ದೆ. ನನ್ನ ಅಕ್ಷರ ಚೆನ್ನಾಗಿದೆ. ಎಲ್ಲಿಯೂ ತಡವರಿಸಬೇಕಾಗಲಿಲ್ಲ.

ಒಂಬತ್ತನೇ ಕುರ್ಚಿಯಲ್ಲಿ ಕೂತಿದ್ದ ಹೆಂಗಸು ಹೊಸಬಳು. ಬಂದು ಎರಡು ತಿಂಗಳಷ್ಟೇ ಆಗಿತ್ತು. "ಇಲ್ಲಿ ನನಗಿಂತ ಮುಂಚೆ ಇದ್ದೋರು?" ಎಂದಳು.

ಹುಡುಕಿದೆ. "ಐದು ಸಲ."

"ಟೈಲರಮ್ಮ," ಎಂದ ಬೀಗದ ಮಾವ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಅವಳ ರಕ್ತಾನೂ ಏರ್ತಿರಲಿಲ್ಲ. ಅವಳಿಗೂ ಇಂಥದೇ ಕಾಗದ ತಂದಿದ್ರು. ಅವಳು ಸಹಿ ಹಾಕಿದ್ಳು. ನಾವೂ ಮಾರಿರಬೇಕು ಬಿಡು ಅಂದ್ಕೊಂಡ್ವಿ. ಸಾಯೋ ತನಕ ಅವಳ ಜೊತೆ ಯಾರೂ ಸರಿಯಾಗಿ ಮಾತಾಡ್ಲಿಲ್ಲ."

ಬೀಗದ ಮಾವ ಕೋಟು ಬಿಟ್ಟ. ಆದರೆ ಇಪ್ಪತ್ತು ಸಾರ್ ಅಲ್ಲಿಂದ ಕದಲಲಿಲ್ಲ.

ಕಾವಲಿನವರು ಇಬ್ಬರು ಬಂದರು. ಸೂಜಿ ಚುಚ್ಚಿದ ಹನ್ನೆರಡು ಜನರ ಮಧ್ಯೆ ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಬಾಗಿಲ ಬಳಿ ನಿಂತರು. ಒಬ್ಬೊಬ್ಬರದೇ ನಾಲ್ಕು ಗಂಟೆ ಮುಗಿಯಿತು. ಸೂಜಿ ತೆಗೆದರು. ಯಾರೂ ಕುರ್ಚಿಯಿಂದ ಏಳಲಿಲ್ಲ. ಎಲ್ಲರ ಪರೀಕ್ಷೆ ಇವತ್ತೇ ಆಗಬೇಕು, ಆ ಕಾಗದ ಇನ್ಯಾರ ತೊಡೆಯ ಮೇಲೂ ಬರಬಾರದು ಎಂದರು. ಚಿಕ್ಕ ಡಾಕ್ಟರು ಯಾರನ್ನೂ ಕೇಳದೆ ಟ್ಯೂಬುಗಳ ಡಬ್ಬ ತಂದು ಮೇಜಿನ ಮೇಲಿಟ್ಟರು.

ಅಷ್ಟರಲ್ಲಿ ಎರಡನೇ ಪಾಳಿಯವರು ಬಂದು ಹೊರಗೆ ನಿಂತರು. ಕಾಲು ಊದಿದವರು, ಏದುಸಿರು ಬಿಡುವವರು. ಎರಡು ದಿನದ ನೀರು ಮೈಯಲ್ಲಿ ತುಂಬಿಕೊಂಡವರು.

ಮೇಲ್ವಿಚಾರಕ ಅವರನ್ನು ತೋರಿಸಿದ. "ನಿಮ್ಮ ಹಟಕ್ಕೆ ಅವರು ಸಾಯ್ಲಾ? ನೀವೇ ಹೇಳಿ."

ಹನ್ನೆರಡು ಜನ ಒಬ್ಬರ ಮುಖ ಒಬ್ಬರು ನೋಡಿದರು. ಗೆದ್ದೆ ಅಂದುಕೊಂಡು ಅವನು ಕೈಕಟ್ಟಿ ನಿಂತ.

"ಅವರ ಹೊತ್ತು ನಾವು ತಿನ್ನಬಾರದು," ಎಂದಳು ಅತ್ತಿಗೆ. "ಕುರ್ಚಿ ಬಿಡಿ. ನೆಲ ಇದೆ."

ಮೊದಲು ಅವಳೇ ಎದ್ದಳು. ರಕ್ತ ಐದೂವರೆ ಇದ್ದವರು ಎದ್ದರೆ ಕಣ್ಣು ಕತ್ತಲೆ ಬರುತ್ತದೆ. ಸೊಂಟದಲ್ಲಿ ಬುಧವಾರದ ಗಾಯ ಹಸಿಯಾಗಿಯೇ ಇತ್ತು. ಕುರ್ಚಿಯ ತೋಳು ಹಿಡಿದು, ಮೇಜು ಹಿಡಿದು, ಗೋಡೆಯ ತನಕ ಬಂದಳು. ಬೆನ್ನನ್ನು ಗೋಡೆಗೆ ಕೊಟ್ಟು ಇಂಚಿಂಚೇ ಕೆಳಗೆ ಜಾರತೊಡಗಿದಳು. ಒಬ್ಬೊಬ್ಬರೇ ಬಂದು ಅವಳ ಪಕ್ಕ ಕೂರತೊಡಗಿದರು, ತೋಳಿನ ಹತ್ತಿಯನ್ನು ಹೆಬ್ಬೆರಳಲ್ಲಿ ಒತ್ತಿಕೊಂಡು. ಎರಡನೇ ಪಾಳಿಯವರು ಒಳಗೆ ಬಂದು ಖಾಲಿ ಕುರ್ಚಿಗಳಲ್ಲಿ ಕೂತು, ಏನಾಯಿತು ಎಂದು ನೆಲದಲ್ಲಿ ಕೂತವರನ್ನೇ ಕೇಳತೊಡಗಿದರು.

ಅತ್ತಿಗೆ ಪೂರ್ತಿ ಕೂತಿರಲಿಲ್ಲ. ನೆಲಕ್ಕೆ ಇನ್ನೂ ಒಂದು ಗೇಣು ಉಳಿದಿತ್ತು. ನಾನು ಓಡಿಹೋಗಿ ಕೈ ಚಾಚಿದೆ.

ಅವಳು ನನ್ನ ಕೈಯನ್ನು ನೋಡಿದಳು. ಹಿಡಿಯಲಿಲ್ಲ.

"ಪುಸ್ತಕ ಹಿಡ್ಕೋ," ಎಂದು ಕುರ್ಚಿಗಳ ಕಡೆ ನೋಡಿದಳು. "ಇವರದ್ದೂ ಓದು."